ಹಿಟ್ಟಿನ ವ್ಯಾನು ರಾಚವ್ವನ ಮನೆಯಾದದ್ದು

ವ್ಯಾನು ನೋಡಲು ಹೋದ ದಿನ ರಾಚವ್ವ ಇಂಜಿನ್ನಿನ ಕಡೆ ಕಣ್ಣು ಹಾಯಿಸಲೇ ಇಲ್ಲ. ಮೊದಲು ಹಿಂದಿನ ಬಾಗಿಲು ತೆಗೆಸಿದಳು. ಚಪ್ಪಲಿ ಕೆಳಗೆ ಬಿಟ್ಟು ಒಳಗೆ ಹತ್ತಿ, ಚೀಲದಿಂದ ಹಳೆಯ ಚಾದರವೊಂದನ್ನು ತೆಗೆದು ನೆಲಕ್ಕೆ ಹಾಸಿ ಉದ್ದಕ್ಕೆ ಮಲಗಿಬಿಟ್ಟಳು. ಕಾಲು ಚಾಚಿ ನೋಡಿದಳು. ಬಲಕ್ಕೆ ಹೊರಳಿದಳು, ಎಡಕ್ಕೆ ಹೊರಳಿದಳು. ಆಮೇಲೆ ಎದ್ದು ನಿಂತು, ನೆತ್ತಿಗೂ ಛಾವಣಿಗೂ ನಡುವೆ ಎಷ್ಟು ಜಾಗವಿದೆಯೆಂದು ಕೈಯಿಂದ ಅಳೆದಳು. ಒಂದು ಗೇಣಿಗಿಂತ ತುಸು ಹೆಚ್ಚೇ ಇತ್ತು.

ಕೆಳಗೆ ನಿಂತು ಇದನ್ನೆಲ್ಲ ನೋಡುತ್ತಿದ್ದವರು ವ್ಯಾನಿನ ಮಾಲೀಕ ಚೆನ್ನಯ. ಕಾರ್ಕಳದ ಕಡೆಯವರು. ಜೋಗೇಶ್ವರಿಯ ಒಂದು ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಇಡ್ಲಿ, ದೋಸೆಯ ಹಿಟ್ಟು ರುಬ್ಬಿಸಿ ಸುತ್ತಲಿನ ಹೋಟೆಲುಗಳಿಗೆ ಕಳುಹಿಸುವುದು ಅವರ ಕಸುಬು. ಗಲ್ಲಿಗಳಲ್ಲಿ ಈ ಎತ್ತರದ ವ್ಯಾನು ತಿರುಗಿಸುವುದೇ ಕಷ್ಟವಾಗಿ, ಎರಡು ಸಣ್ಣ ಬ್ಯಾಟರಿ ರಿಕ್ಷಾ ತಂದುಕೊಂಡು ಇದನ್ನು ಮಾರಲು ಹೊರಟಿದ್ದರು.

"ಇದರಲ್ಲಿ ಎಂತ ಸಾಮಾನು ಸಾಗಿಸುದು ನೀವು?" ಎಂದು ಕೇಳಿದರು.

"ಸಾಮಾನಲ್ರಿ. ಮನಿ ಮಾಡ್ಕೊಂಡು ನಾನ ಇರಾಕಿ ಅದೀನಿ."

ಚೆನ್ನಯ ಅವಳನ್ನೊಮ್ಮೆ, ವ್ಯಾನನ್ನೊಮ್ಮೆ ನೋಡಿದರು. ಆಮೇಲೆ, "ಹಿಟ್ಟಿನ ವಾಸನೆ ಉಂಟಲ್ಲ ಅಮ್ಮಾ ಇದರಲ್ಲಿ," ಎಂದರು.

"ಅದು ತೊಳದ್ರ ಹೋಗತೈತ್ರಿ," ಎಂದು ರಾಚವ್ವ ಚಾದರ ಮಡಚಿದಳು.

ಆಗ ಅವಳಿಗೆ ಐವತ್ತೊಂದು ವರ್ಷ. ಗಿಡ್ಡ ಆಳು, ಗಟ್ಟಿ ತೋಳು. ಇಪ್ಪತ್ತೆರಡು ವರ್ಷಗಳಿಂದ ಮುಂಬಯಿಯ ಪಶ್ಚಿಮ ಉಪನಗರಗಳ ಮನೆಗಳಲ್ಲಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ಕೆಲಸ. ಹಗಲೂ ರಾತ್ರಿಯೂ ಅಲ್ಲೇ ಇರಬೇಕಾದ ಕೆಲಸವದು. ರೋಗಿಯ ಮಂಚದ ಪಕ್ಕದಲ್ಲಿ ಒಂದು ಗಾದಿ, ಮಂಚದ ಕೆಳಗೆ ಅವಳ ಎರಡು ಚೀಲ. ಹಾಗೆ ಹದಿನಾಲ್ಕು ಮನೆಗಳಲ್ಲಿ ಇದ್ದು ಬಂದಿದ್ದಳು.

ಅದಕ್ಕೂ ಮೊದಲಿನದು ಇನ್ನೂ ವಿಚಿತ್ರ. ಅವಳ ತಂದೆ ಸಿಂದಗಿ ಕಡೆಯ ಗೌಂಡಿ. ರಾಚವ್ವ ನಾಲ್ಕು ವರ್ಷದವಳಿದ್ದಾಗ ಸಂಸಾರವನ್ನು ಕಾಂದಿವಲಿಗೆ ಕರೆತಂದವನು. ಯಾವ ಬಿಲ್ಡಿಂಗು ಕಟ್ಟುತ್ತಿದ್ದನೋ ಅದರ ನೆಲ ಅಂತಸ್ತಿನಲ್ಲೇ, ಸಿಮೆಂಟ್ ಚೀಲಗಳ ಮಗ್ಗುಲಿಗೆ, ಮನೆಯವರೆಲ್ಲ ಇರುತ್ತಿದ್ದರು. ಮೇಲೆ ಸ್ಲ್ಯಾಬ್ ಬೀಳುತ್ತಾ ಹೋದ ಹಾಗೆ ಕೆಳಗೆ ಇವರ ಒಲೆ ಒಂದು ಕೋಣೆಯಿಂದ ಇನ್ನೊಂದಕ್ಕೆ ಸರಿಯುತ್ತಿತ್ತು. ಬಾಗಿಲು ಕೂರಿಸುವ ಬಡಗಿಗಳು ಬಂದರೆಂದರೆ ಇವರು ಗಂಟು ಕಟ್ಟಬೇಕು. ಬಾಗಿಲು ಎಳೆದುಕೊಂಡು ಒಳಗೆ ಚಿಲಕ ಹಾಕಿ ಮಲಗುವುದು ಹೇಗಿರುತ್ತದೆಂಬುದು ಮದುವೆಯಾಗುವ ತನಕ ಅವಳಿಗೆ ಗೊತ್ತಿರಲಿಲ್ಲ. ಆ ಮದುವೆ ಮೂರೇ ವರ್ಷ ನಡೆಯಿತು. ಗಂಡನಿಗೆ ಸೊಲ್ಲಾಪುರದಲ್ಲಿ ಮೊದಲೇ ಒಂದು ಸಂಸಾರವಿದ್ದದ್ದು ತಿಳಿದ ದಿನ ಅವಳು ಅತ್ತು ಕೂರಲಿಲ್ಲ. ತನ್ನ ಬಟ್ಟೆ ತೆಗೆದುಕೊಂಡು ಹೊರಬಿದ್ದಳು. ಅಲ್ಲಿ ಇಲ್ಲಿ ದುಡಿದು, ಕಡೆಗೆ ಒಂದು ನರ್ಸಿಂಗ್ ಹೋಮಿನಲ್ಲಿ ಆಯಾ ಆಗಿ ಸೇರಿ, ಹೊರಳಲಾರದವರನ್ನು ಹೊರಳಿಸುವುದು, ಬೆನ್ನು ಹುಣ್ಣಾಗದಂತೆ ಕಾಯುವುದು, ಬಿದ್ದವರನ್ನು ಸೊಂಟ ಉಳುಕಿಸಿಕೊಳ್ಳದೆ ಎತ್ತುವುದು ಎಲ್ಲವನ್ನೂ ಕಲಿತಳು.

ಕಾಂದಿವಲಿಯ ರುಕ್ಮಿಣಿಬಾಯಿಯ ಮನೆಯಲ್ಲಿ ಅವಳು ಐದು ವರ್ಷ ಇದ್ದಳು. ಆಕೆಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್. ಮನೆಯಲ್ಲಿ ಕಾರಿತ್ತು, ಡ್ರೈವರ್ ಮಾತ್ರ ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. ಒಂದು ದಿನ ರುಕ್ಮಿಣಿಬಾಯಿಯೇ, "ರಾಚವ್ವಾ, ನೀನೇ ಕಲಿತುಬಿಡು. ಅವನಿಗೆ ಕೈಮುಗಿಯೋದು ಸಾಕು ನನಗೆ," ಎಂದರು. ನಲವತ್ತಾರನೆಯ ವಯಸ್ಸಿನಲ್ಲಿ ರಾಚವ್ವ ಡ್ರೈವಿಂಗ್ ಸ್ಕೂಲಿಗೆ ಸೇರಿದಳು. ಕಲಿಸುವವನು ಮೊದಲ ದಿನ ನಕ್ಕಿದ್ದ. ತಿಂಗಳ ಕೊನೆಗೆ ಪರೀಕ್ಷೆಯಲ್ಲಿ ಅವಳು ಮೊದಲ ಸಲಕ್ಕೇ ಪಾಸಾದಳು. ಮನುಷ್ಯರನ್ನು ನೋವಾಗದಂತೆ ತಿರುಗಿಸಿ ಅಭ್ಯಾಸವಿದ್ದವಳಿಗೆ ಕಾರು ತಿರುಗಿಸುವುದು ದೊಡ್ಡದೇನೂ ಅನ್ನಿಸಲಿಲ್ಲ.

ರುಕ್ಮಿಣಿಬಾಯಿ ತೀರಿಕೊಂಡ ಮರುದಿನ ಸೊಸೆ ಅವಳ ಕೈಗೆ ಒಂದು ಹೊಸ ಸೀರೆ ಕೊಟ್ಟು, ಕಣ್ಣೊರೆಸಿಕೊಳ್ಳುತ್ತಾ, ನೆಂಟರು ಬರುವವರಿದ್ದಾರೆ, ಆ ಕೋಣೆ ಸಂಜೆಯೊಳಗೆ ಬೇಕಾಗುತ್ತದೆ ಎಂದಳು. ಅದರಲ್ಲಿ ಕೆಟ್ಟತನವೇನೂ ಇರಲಿಲ್ಲ. ಆದರೆ ಐದು ವರ್ಷ ತಾಯಿಯಂತಿದ್ದವಳಿಗಾಗಿ ಅಳಲು ಕೂಡ ರಾಚವ್ವನಿಗೆ ಜಾಗವಿರಲಿಲ್ಲ. ಕಾಂದಿವಲಿ ಸ್ಟೇಷನ್ನಿನ ಬೆಂಚಿನ ಮೇಲೆ ಚೀಲಗಳನ್ನು ಕಾಲಿನ ನಡುವೆ ಇಟ್ಟುಕೊಂಡು, ಒಂದರ ಹಿಂದೊಂದು ಬರುವ ಲೋಕಲ್‌ಗಳನ್ನು ನೋಡುತ್ತಾ ಅವಳು ಒಂದು ತಾಸು ಅತ್ತಳು. ಆಮೇಲೆ ಮುಖ ತೊಳೆದುಕೊಂಡು ಬೊರಿವಲಿಯಲ್ಲಿದ್ದ ತಂಗಿ ಹನುಮವ್ವನ ಚಾಳಿಗೆ ಹೋದಳು. ಹನುಮವ್ವನ ಒಂದೇ ಖೋಲಿಯಲ್ಲಿ ಆಗಲೇ ಐದು ಜನ.

ಅಲ್ಲಿ ಮೂರನೆಯ ದಿನ, ಪಾತ್ರೆ ಬೆಳಗುತ್ತಾ, ಅವಳು ತಂಗಿಗೆ ತನ್ನ ಯೋಚನೆ ಹೇಳಿದಳು. ಡಯಾಲಿಸಿಸ್ ಮಾಡಿಸುತ್ತಿದ್ದ ಆಸ್ಪತ್ರೆಯ ಅಂಗಳಕ್ಕೆ ಆಗಾಗ ರಕ್ತದಾನದ ವ್ಯಾನು ಬರುತ್ತಿತ್ತು. ಕಾಯುವ ಹೊತ್ತಿನಲ್ಲಿ ರಾಚವ್ವ ಒಂದು ಸಲ ಅದರೊಳಗೆ ಹೋಗಿ ರಕ್ತ ಕೊಟ್ಟು ಬಂದಿದ್ದಳು.

"ಅದರಾಗ ಎರಡು ಮಂಚ ಐತಿ, ಫ್ಯಾನ್ ಐತಿ, ನಳ ಐತಿ, ದೀಪ ಐತಿ. ಬಾಗಲಾ ಹಾಕ್ಕೊಂಡ್ರ ಹೊರಗಿನ ಸಪ್ಪಳ ಬರೂದಿಲ್ಲ. ಅಂಥದೊಂದು ನಾ ಮಾಡ್ಕೋತೀನಿ."

ಹನುಮವ್ವನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಸಿಟ್ಟು ಬಂತು. "ಅಕ್ಕಾ, ನಿನಗ ತಲಿ ಕೆಟ್ಟೈತೇನ? ರಸ್ತಾದಾಗ ಮಲಗಾಕಿ ಅಂತಾರ ಮಂದಿ. ಅದಕ್ಕ ಹಾಕೋ ರೊಕ್ಕದಾಗ ಒಂದು ಖೋಲಿ ಹಿಡಿ."

"ಖೋಲಿ ಹಿಡದು ಏನ ಮಾಡ್ಲಿ? ನಾ ಇರೂದು ಪೇಶಂಟ್ ಮನ್ಯಾಗ. ಖೋಲಿ ಎಲ್ಲೋ ದೂರ ಕೀಲಿ ಹಾಕ್ಕೊಂಡು ಕುಂಡ್ರತೈತಿ. ನಾ ಎಲ್ಲಿ ಕೆಲಸಾ ಮಾಡ್ತೀನಿ, ಅಲ್ಲಿಗೆ ಬರೋ ಮನಿ ಬೇಕು ನನಗ."

ಹನುಮವ್ವ ನಾಲ್ಕು ದಿನ ಸರಿಯಾಗಿ ಮಾತಾಡಲಿಲ್ಲ. ರಾಚವ್ವ ಬೊರಿವಲಿಯಲ್ಲೇ ಹಗಲು ಪಾಳಿಯ ಒಂದು ಕೆಲಸ ಹಿಡಿದು, ತಂಗಿಯ ಮನೆಯಲ್ಲೇ ಇದ್ದುಕೊಂಡು, ಭಾನುವಾರಗಳಂದು ವ್ಯಾನು ನೋಡಲು ಶುರುಮಾಡಿದಳು. ಕೊರಿಯರ್‌ನವರದು ನೋಡಿದಳು, ಬೇಕರಿಯವರದು ನೋಡಿದಳು. ಒಂದರಲ್ಲಿ ತಲೆ ತಾಗುತ್ತಿತ್ತು, ಇನ್ನೊಂದರ ಬದಿಯ ಬಾಗಿಲು ತೆರೆಯುತ್ತಲೇ ಇರಲಿಲ್ಲ. ಆರನೆಯದು ಚೆನ್ನಯರ ಹಿಟ್ಟಿನ ವ್ಯಾನು.

ಎರಡನೆಯ ಸಲ ಅವಳು ಮೆಕ್ಯಾನಿಕ್ಕನ್ನು ಕರೆದುಕೊಂಡು ಬಂದಳು. ಇಂಜಿನ್ ಚೆನ್ನಾಗಿದೆ ಎಂದ ಅವನು. ರಾಚವ್ವ ಮಾತ್ರ ಒಳಗೆ ಹತ್ತಿ, ನೆಲಕ್ಕೆ ಅಂಟಿಸಿದ್ದ ರಬ್ಬರ್ ಹಾಸಿನ ಒಂದು ಮೂಲೆ ಕಿತ್ತು, ಬೀಗದ ಕೈಯಿಂದ ಕೆರೆದಳು. ಕಂದು ಹಕ್ಕಳೆ ಎದ್ದು ಬಂತು. ಇನ್ನೊಂದು ಸಲ ಕೆರೆದಾಗ ಗಾಡಿಯಡಿಯ ಮಣ್ಣು ಕಾಣಿಸಿತು.

"ಇಲ್ಲಿ ತೂತ ಬಿದ್ದೈತಿ ನೋಡ್ರಿ."

ಚೆನ್ನಯ ಬಗ್ಗಿ ನೋಡಿದರು. ಮುಖ ಸಣ್ಣದಾಯಿತು. "ಕ್ಯಾನಿನಿಂದ ಹುಳಿನೀರು ಬೀಳ್ತಿತ್ತು. ಏಳು ವರ್ಷ ಬಿದ್ದದ್ದು. ಸತ್ಯವಾಗಿ ಹೇಳ್ತೇನೆ ಅಮ್ಮಾ, ಹಾಸು ತೆಗೆದು ನಾನು ನೋಡಿಯೇ ಇಲ್ಲ. ರೇಟಿನಲ್ಲಿ ಕಡಿಮೆ ಮಾಡುವಾ."

"ರೇಟ್ ಇಳಿಸಬ್ಯಾಡ್ರಿ. ನೆಲಾ ಹೊಸದು ಹಾಕಿಸಿ ಕೊಡ್ರಿ. ನಾ ಅದರ ಮ್ಯಾಲೆ ಮಲಗಾಕಿ."

ಹಾಗೆ ಮಾತು ಮುಗಿಯಿತು. ಬ್ಯಾಂಕಿನಲ್ಲಿದ್ದ ಠೇವಣಿ ತೆಗೆದು ಅವಳು ವ್ಯಾನು ಕೊಂಡಳು. ಚೆನ್ನಯರು ನೆಲಕ್ಕೆ ದಪ್ಪ ತಗಡು ಬೆಸೆಸಿ ಕೊಟ್ಟದ್ದಷ್ಟೇ ಅಲ್ಲ, ಮನೆ ತಯಾರಾಗುವ ತನಕ ತಮ್ಮ ಗಿರಣಿಯ ಹಿಂದೆ ನಿಲ್ಲಿಸಿಕೊಳ್ಳಿ ಎಂದೂ ಹೇಳಿದರು.

ಮುಂದಿನದು ಕಾಗದದ ಕೆಲಸ. ಸಾಮಾನು ಸಾಗಿಸುವ ಗಾಡಿಯ ಒಡಲನ್ನು ಬದಲಿಸಬೇಕಾದರೆ ಆರ್‌ಟಿಓ ಅನುಮತಿ ಬೇಕು. ಒಬ್ಬ ಏಜೆಂಟ್ ಅವಳಿಗೆ, "ಮೊದಲು ಕಿಟಕಿ ಗಿಟಕಿ ಕತ್ತರಿಸಿ ಎಲ್ಲ ಮಾಡಿಕೊಳ್ಳಿ ಮೌಶಿ, ಆಮೇಲೆ ನೋಡೋಣ, ಯಾರು ಕೇಳುತ್ತಾರೆ," ಎಂದು ಹಿಂದಿಯಲ್ಲಿ ಬುದ್ಧಿ ಹೇಳಿದ. ರಾಚವ್ವ ಆ ಏಜೆಂಟನ್ನೇ ಬಿಟ್ಟಳು. ಬಿಲ್ಡಿಂಗು ಎದ್ದು ನಿಂತ ಮೇಲೆ ಕಾಗದ ಸರಿಯಿಲ್ಲವೆಂದು ಒಡೆದು ಕೆಡವಿದ್ದನ್ನು ಅವಳು ಸಣ್ಣವಳಿದ್ದಾಗ ಕಣ್ಣಾರೆ ಕಂಡಿದ್ದಳು. ತಾನೇ ಕಚೇರಿಗೆ ಹೋಗಿ ಸಾಲಿನಲ್ಲಿ ನಿಂತು ಕೇಳಿದಳು. ನಕ್ಷೆ ಬೇಕೆಂದರು. ಕೊಟ್ಟಳು. ಅಳತೆ ಸ್ಪಷ್ಟವಿಲ್ಲವೆಂದು ಮರಳಿ ಬಂತು. ಮತ್ತೆ ಬರೆಸಿ ಕೊಟ್ಟಳು. ಗಾಡಿ ಓಡುವಾಗ ಹಿಂದೆ ಯಾರೂ ಕೂರಬಾರದು, ಮುಂದಿನ ಎರಡು ಸೀಟು ಮಾತ್ರ ಎಂದರು. ಒಪ್ಪಿದಳು. ನಾಲ್ಕನೆಯ ತಿಂಗಳು ಕಾಗದ ಕೈಗೆ ಬಂತು.

ಆ ನಾಲ್ಕು ತಿಂಗಳು ಅವಳು ಕೈಕಟ್ಟಿ ಕೂತಿರಲಿಲ್ಲ. ಪ್ರತಿ ಭಾನುವಾರ ಜೋಗೇಶ್ವರಿಗೆ ಬಂದು, ಸೀರೆ ಎತ್ತಿ ಕಟ್ಟಿ, ಬಿಸಿನೀರು, ಸೋಡಾಪುಡಿ, ನಿಂಬೆಹಣ್ಣಿನ ಸಿಪ್ಪೆ ಹಾಕಿ ವ್ಯಾನಿನ ಒಳಗೋಡೆ ತಿಕ್ಕುತ್ತಿದ್ದಳು. ಹುಳಿವಾಸನೆ ಹೋಯಿತು ಅನ್ನುವಷ್ಟರಲ್ಲಿ ಮಧ್ಯಾಹ್ನದ ಬಿಸಿಲಿಗೆ ಮತ್ತೆ ಎದ್ದು ಬರುತ್ತಿತ್ತು. ಗಿರಣಿಯ ಕೆಲಸದವರು ಮೊದಲ ಭಾನುವಾರ ಮೂಗು ಮುಚ್ಚಿ ತಮಾಷೆ ಮಾಡಿದರು. ಮೂರನೆಯ ಭಾನುವಾರ ತಾವೇ ಬಾಯ್ಲರಿನಿಂದ ಬಿಸಿನೀರು ಹೊತ್ತು ತಂದರು. ನಾಲ್ಕನೆಯ ತಿಂಗಳ ಒಂದು ಭಾನುವಾರ ಚೆನ್ನಯ ಒಳಗೆ ತಲೆ ಹಾಕಿ, ಜೋರಾಗಿ ಉಸಿರೆಳೆದುಕೊಂಡು, "ಈಗ ನನ್ನ ಹಿಟ್ಟು ಹೋಯಿತು ಮಾರಾಯ್ತಿ, ಇನ್ನು ನಿಮ್ಮದೇ ಮನೆ," ಎಂದರು.

ಒಳಗಿನ ಕೆಲಸಕ್ಕೆ ಅವರೇ ಪಕ್ಕದ ವರ್ಕ್‌ಶಾಪಿನ ಮನೀಶನನ್ನು ಗೊತ್ತುಮಾಡಿಕೊಟ್ಟಿದ್ದರು. ಮಂಗಳೂರಿನ ಹುಡುಗ, ಮೂವತ್ತೆರಡು ವರ್ಷ. ಹೋಟೆಲಿನ ಅಡುಗೆಮನೆಗಳಿಗೆ ಸ್ಟೀಲಿನ ಮೇಜು, ಕಪಾಟು ಮಾಡಿಕೊಡುವವನು. ವ್ಯಾನಿನ ಕೆಲಸವೆಂದ ಕೂಡಲೇ ಅವನಿಗೆ ಎಲ್ಲಿಲ್ಲದ ಹುರುಪು. ಮೊಬೈಲಿನಲ್ಲಿ ಚಿತ್ರಗಳನ್ನು ತೋರಿಸಿದ. ಸೋಫಾ, ಟೀವಿ, ಬಣ್ಣಬಣ್ಣದ ದೀಪ.

"ಬೆಡ್ ಮೂವತ್ತಿಂಚು ಎತ್ತರ ಮಾಡುವಾ ಅಕ್ಕ. ಕೆಳಗೆ ಫುಲ್ ಸ್ಟೋರೇಜ್ ಸಿಗ್ತದೆ."

"ಹದಿನೆಂಟು ಇಂಚು," ಎಂದಳು ರಾಚವ್ವ.

"ಅಷ್ಟು ಕೆಳಗಾ? ಜಾಗ ಎಲ್ಲ ವೇಸ್ಟ್ ಆಗ್ತದಲ್ಲ."

"ತಮ್ಮಾ, ವಯಸ್ಸಾದವರು ಬೀಳೂದು ಎರಡ ಕಡೆ. ಹಾಸಗಿಂದ ಇಳಿಯೂವಾಗ, ಬಾತ್‌ರೂಮಿನಾಗ. ನಾ ಎಷ್ಟ ಮಂದೀನ ಎತ್ತೀನಿ ಅಂತ ನನಗ ಗೊತ್ತು. ಕುಂತ್ರ ಎರಡೂ ಪಾದ ನೆಲಕ್ಕ ಪೂರಾ ಊರಬೇಕು. ನನಗ ಎಪ್ಪತ್ತ ವರ್ಷ ಆದಾಗ ಎತ್ತಾಕ ಯಾರೂ ಇರಲಿಕ್ಕಿಲ್ಲ. ನಾನ ಏಳಬೇಕು."

ಮನೀಶ ಮೊಬೈಲನ್ನು ಕಿಸೆಗೆ ಹಾಕಿಕೊಂಡ. ಅಂದಿನಿಂದ ಅವಳು ಹೇಳಿದ್ದನ್ನು ಬರೆದುಕೊಳ್ಳತೊಡಗಿದ. ದೀಪದ ಗುಂಡಿ ಮಲಗಿದಲ್ಲಿಂದಲೇ ಕೈಗೆ ಸಿಗಬೇಕು. ನೆಲ ಒದ್ದೆಯಾದರೂ ಜಾರಬಾರದು. ಬದಿಯ ಬಾಗಿಲಿಗೆ ಎರಡು ಗಿಡ್ಡ ಮೆಟ್ಟಿಲು, ಎರಡೂ ಸಮ ಎತ್ತರ. ಪರದೆಯ ಹಿಂದೆ ಪೆಟ್ಟಿಗೆಯಂಥ ಸಣ್ಣ ಕಮೋಡ್, ಅದರ ಎಡಕ್ಕೂ ಬಲಕ್ಕೂ ಹಿಡಿ. ಗೋಡೆಯೊಳಗೆ ಕಾವು ತಡೆಯುವ ಹಾಳೆ, ಛಾವಣಿಗೆ ಬಿಸಿಲು ಹಿಂದಕ್ಕೆ ಹೊಡೆಯುವ ಬಿಳಿ ಬಣ್ಣ, ಎದುರುಬದಿರು ಎರಡು ಕಿಟಕಿ, ಗಾಳಿ ಹೊರಗೆಳೆಯುವ ಒಂದು ಫ್ಯಾನ್. ನಲವತ್ತು ಲೀಟರಿನ ನೀರಿನ ಟ್ಯಾಂಕು, ಕೈತೊಳೆದ ನೀರು ಕೆಳಗೆ ಸುರಿಯದೆ ಡಬ್ಬಿಯಲ್ಲಿ ನಿಲ್ಲುವ ವ್ಯವಸ್ಥೆ. ಮೇಲೆ ಸೋಲಾರ್ ಹಲಗೆ, ಕೆಳಗೆ ಬ್ಯಾಟರಿ.

ಹಿಡಿಗಳನ್ನು ಕೂರಿಸಿದ ದಿನ ಮನೀಶ ಹೆಮ್ಮೆಯಿಂದ ಕರೆದು ತೋರಿಸಿದ. ಹೊಳೆಯುವ ಸ್ಟೀಲು, ನುಣುಪಾದ ಕೆಲಸ. ರಾಚವ್ವ ಒಂದನ್ನು ಎರಡೂ ಕೈಯಿಂದ ಹಿಡಿದು, ಕಾಲು ಮಡಚಿ, ತನ್ನ ಪೂರ್ತಿ ಭಾರ ಬಿಟ್ಟು ಜೋತುಬಿದ್ದಳು. ಕರಕ್ ಎಂದು ಸ್ಕ್ರೂಗಳೆಲ್ಲ ಕಿತ್ತು ಬಂದು ಅವಳು ನೆಲದ ಮೇಲೆ ಕುಳಿತಳು. ಮನೀಶ ಕೈಚಾಚಿ ಓಡಿಬಂದ.

"ಹಿಂಗ ಬೀಳತಾರ ನೋಡು," ಎಂದು ಅವಳು ಎದ್ದು ಸೀರೆ ಕೊಡವಿಕೊಂಡಳು. "ತಗಡಿಗೆ ಹಾಕಬ್ಯಾಡ. ಗಾಡಿ ಎಲುಬಿಗೆ ಹಾಕು."

ಅವನು ಎಲ್ಲ ಹಿಡಿಗಳನ್ನೂ ಬಿಚ್ಚಿ, ಗೋಡೆ ತೆಗೆದು, ವ್ಯಾನಿನ ಚೌಕಟ್ಟಿಗೇ ಬೋಲ್ಟು ಹಾಕಿ ಬಿಗಿದ. ಮರುವಾರ ತಾನೇ ಜೋತುಬಿದ್ದು ತೋರಿಸಿದ. ಆಮೇಲೆ, "ಅಕ್ಕ, ನನ್ನ ಅಜ್ಜಿಯ ಬಾತ್‌ರೂಮಿಗೂ ಹೀಗೇ ಹಾಕ್ಬೇಕು ನಾನು," ಎಂದ.

ಅಕ್ಟೋಬರ್ ಹೊತ್ತಿಗೆ ಮನೆ ತಯಾರಾಯಿತು. ಕಿಟಕಿಗಳಿಗೆ ಅವಳು ಇಳಕಲ್ ಸೀರೆಯೊಂದನ್ನು ಕತ್ತರಿಸಿ ಪರದೆ ಹೊಲಿದಳು. ಈಗ ಉಳಿದದ್ದು ಒಂದೇ ಪ್ರಶ್ನೆ. ಅದನ್ನು ನಿಲ್ಲಿಸುವುದು ಎಲ್ಲಿ?

ಅದಕ್ಕೂ ಅವಳಲ್ಲಿ ಉತ್ತರ ಮೊದಲಿನಿಂದಲೇ ಇತ್ತು. ಕೆಲಸ ಕೇಳಿ ಫೋನ್ ಮಾಡುವ ಮನೆಯವರಿಗೆಲ್ಲ ಅವಳು ಒಂದೇ ಮಾತು ಹೇಳಿದಳು: ಸಂಬಳದ ಜೊತೆಗೆ ಪಾರ್ಕಿಂಗ್. ಮೂರು ಮನೆಯವರು ನಕ್ಕು ಫೋನ್ ಇಟ್ಟರು. ನಾಲ್ಕನೆಯ ಫೋನ್ ಬೊರಿವಲಿಯ ವೈಶಾಲಿಯದು. ಅವಳ ತಂದೆ ಸಿದ್ದಲಿಂಗಪ್ಪ ಧಾರವಾಡದವರು, ಬ್ಯಾಂಕಿನಲ್ಲಿದ್ದು ನಿವೃತ್ತರಾದವರು. ಪಾರ್ಶ್ವವಾಯು ಹೊಡೆದು ಬಲಗೈ ಬಲಗಾಲು ಬಿದ್ದುಹೋಗಿದ್ದವು, ಮಾತು ತೊದಲುತ್ತಿತ್ತು.

"ಮೌಶಿ, ನಮಗ ಟ್ವೆಂಟಿಫೋರ್ ಅವರ್ಸ್ ಬೇಕಾಗಿತ್ತು," ಎಂದಳು ವೈಶಾಲಿ.

"ಮುಂಜಾನೆ ಎಂಟರಿಂದ ಸಂಜಿ ಎಂಟರ ತನಕ ನಾ ನಿಮ್ಮ ಮನ್ಯಾಗ. ಆಮ್ಯಾಲೆ ನಾ ನಮ್ಮ ಮನ್ಯಾಗ. ಆದ್ರ ನಮ್ಮ ಮನಿ ನಿಮ್ಮ ಬಿಲ್ಡಿಂಗ್ ಕೆಳಗ ಇರ್ತೈತಿ. ಫೋನ್ ಮಾಡಿದ್ರ ಮೂರು ಮಿನಿಟಿನಾಗ ಮ್ಯಾಲೆ ಬರ್ತೀನಿ. ಅದಕ್ಕ ನಿಮ್ಮ ಗಾಡಿ ಜಾಗಾ ಬೇಕು."

ವೈಶಾಲಿ ಯೋಚಿಸಿದಳು. ಅಪ್ಪ ಕಾರು ಓಡಿಸುವುದು ನಿಂತ ಮೇಲೆ ಅದನ್ನು ಮಾರಿಯಾಗಿತ್ತು. ಅವರ ಜಾಗ ಖಾಲಿಯೇ ಇತ್ತು. "ನನ್ನ ಕಡಿಂದ ಓಕೆ. ಆದ್ರ ಸೊಸೈಟಿಯವ್ರು ಏನಂತಾರೋ ಗೊತ್ತಿಲ್ಲ."

ಸೊಸೈಟಿಯ ಸೆಕ್ರೆಟರಿ ಅನಿಲ ಎಂಬವರು. ಅರುವತ್ತು ದಾಟಿದ ಮರಾಠಿ ಗೃಹಸ್ಥ, ನಿಯಮದ ಮನುಷ್ಯ. ಭಾನುವಾರ ಬೆಳಿಗ್ಗೆ ವ್ಯಾನು ಗೇಟಿನ ಹೊರಗೆ ಬಂದು ನಿಂತಾಗ ಅವರು ಅಳತೆ ಟೇಪು ಹಿಡಿದೇ ಕೆಳಗೆ ಬಂದಿದ್ದರು. ರಾಚವ್ವ ಕಾಗದಗಳನ್ನು ಕೊಟ್ಟಳು. ಅವರು ಕನ್ನಡಕ ಏರಿಸಿ ಪ್ರತಿಯೊಂದನ್ನೂ ಓದಿದರು. ಕಾಗದದಲ್ಲಿ ಎತ್ತಿ ಹೇಳುವಂಥ ತಪ್ಪು ಸಿಗಲಿಲ್ಲ. ಆಮೇಲೆ ವ್ಯಾನಿನ ಉದ್ದ ಅಳೆದರು, ಜಾಗದ ಉದ್ದ ಅಳೆದರು.

"ಒಂಬತ್ತಿಂಚು ಹೆಚ್ಚಾಗುತ್ತದೆ ಮೌಶಿ," ಎಂದರು ಮರಾಠಿಯಲ್ಲಿ. "ಗೆರೆಯಿಂದ ಹೊರಗೆ ಮೂತಿ ಬಂದರೆ ನಾಳೆ ನಾಲ್ಕು ಜನ ನನ್ನ ಬಾಗಿಲಿಗೆ ಬರುತ್ತಾರೆ."

ರಾಚವ್ವ ವ್ಯಾನಿನ ಹಿಂದೆ ಹೋಗಿ ನೋಡಿದಳು. ಹಿಟ್ಟಿನ ಕ್ಯಾನು ಹೊತ್ತು ಹತ್ತಲೆಂದು ಹಾಕಿಸಿದ್ದ ಕಬ್ಬಿಣದ ಪಾವಟಿಗೆ ಅಲ್ಲಿ ಇನ್ನೂ ಹಾಗೇ ಇತ್ತು. ಕಾಲಿಡಲು ಆಗುವಷ್ಟು ಅಗಲ, ಒಂದಡಿ ಹೊರಗೆ ಚಾಚಿತ್ತು. ಅವಳಿಗೆ ಅದು ಬೇಕಾಗಿಯೇ ಇರಲಿಲ್ಲ, ಬಾಗಿಲು ಬದಿಯಲ್ಲಿತ್ತು.

"ಮೂರು ತಾಸು ಕೊಡಿ," ಎಂದು ಅವಳು ವ್ಯಾನನ್ನು ಜೋಗೇಶ್ವರಿಗೆ ಓಡಿಸಿದಳು. ಮನೀಶ ಭಾನುವಾರದ ಊಟ ಬಿಟ್ಟು ಬಂದು ಪಾವಟಿಗೆ ಕತ್ತರಿಸಿದ. ಮಧ್ಯಾಹ್ನ ಅವಳು ತಿರುಗಿ ಬರುವಷ್ಟರಲ್ಲಿ ಸುದ್ದಿ ಹಬ್ಬಿ ಬಾಲ್ಕನಿಗಳಲ್ಲಿ ಜನ ನಿಂತಿದ್ದರು. ಒಂದು ಬದಿಗೆ ಕಂಬ, ಇನ್ನೊಂದು ಬದಿಗೆ ಯಾರದೋ ಹೊಸ ಕಾರು. ವಾಚ್‌ಮನ್ ಹಿಂದೆ ನಿಂತು ಕೈಬೀಸಲು ಶುರುಮಾಡಿದ. ರಾಚವ್ವ ಕಿಟಕಿಯಿಂದ ತಲೆ ಹೊರಹಾಕಿ, ನೀನು ಪಕ್ಕಕ್ಕೆ ನಿಂತುಕೋ ಎಂದಳು. ಎರಡು ಕನ್ನಡಿಗಳನ್ನು ಸರಿಮಾಡಿಕೊಂಡಳು. ಒಮ್ಮೆ ಮುಂದೆ, ಒಮ್ಮೆ ಹಿಂದೆ, ಆಮೇಲೆ ನೇರ ಹಿಂದಕ್ಕೆ, ಇರುವೆ ಸರಿದ ಹಾಗೆ. ಗೋಡೆಗೆ ನಾಲ್ಕು ಬೆರಳು ಬಿಟ್ಟು ವ್ಯಾನು ನಿಂತಿತು. ಅನಿಲರು ಮುಂದೆ ಬಂದು ಬಗ್ಗಿ ನೋಡಿದರು. ಮೂತಿ ಗೆರೆಯ ಒಳಗಿತ್ತು.

"ಡ್ರೈವಿಂಗ್ ಎಲ್ಲಿ ಕಲಿತಿರಿ?" ಎಂದರು ಅವರು.

"ಇಲ್ಲೇ ಕಾಂದಿವಲಿಯಲ್ಲಿ."

ಕಮಿಟಿಯವರು ಒಂದು ತಿಂಗಳು ನೋಡೋಣ ಎಂದರು. ನೀರು ಚೆಲ್ಲಬಾರದು, ಗ್ಯಾಸ್ ಸಿಲಿಂಡರ್ ಇಡಬಾರದು, ಬಟ್ಟೆ ಒಣಗಹಾಕಬಾರದು. ರಾಚವ್ವ ಎಲ್ಲಕ್ಕೂ ತಲೆಯಾಡಿಸಿದಳು. ಆ ಮೂರೂ ಅವಳ ಯೋಚನೆಯಲ್ಲಿ ಇರಲೇ ಇಲ್ಲ. ಸ್ನಾನ, ಊಟ, ಬಟ್ಟೆ ಒಗೆಯುವುದು ವೈಶಾಲಿಯ ಮನೆಯಲ್ಲೇ ಎಂದು ಮೊದಲೇ ಮಾತಾಗಿತ್ತು.

ಕೆಲಸದ ಮೊದಲ ದಿನ ಸಂಜೆ ಎಂಟಕ್ಕೆ ಅವಳು ಸಿದ್ದಲಿಂಗಪ್ಪನವರಿಗೆ ಮಾತ್ರೆ ಕೊಟ್ಟು, ದಿಂಬು ಸರಿಮಾಡಿ, ಏಪ್ರನ್ ಬಿಚ್ಚಿ ಗೂಟಕ್ಕೆ ಹಾಕಿದಳು. ಅವರು ತೊದಲುತ್ತಾ, "ಎಲ್ಲಿ... ಹೊಂಟಿ?" ಎಂದರು.

"ಮನಿಗ್ರಿ, ಕಾಕಾರ," ಎಂದಳು ರಾಚವ್ವ. ಇಪ್ಪತ್ತೆರಡು ವರ್ಷಗಳಲ್ಲಿ ಯಾವ ರೋಗಿಗೂ ಅವಳು ಆ ಮಾತು ಹೇಳಿರಲಿಲ್ಲ. ಹೇಳಿದ ಮೇಲೆ ಬಾಯಿಗೆ ಅದು ಹೊಸದಾಗಿ ತೋರಿ, ಲಿಫ್ಟಿನಲ್ಲಿ ಇಳಿಯುತ್ತಾ ಇನ್ನೊಂದು ಸಲ ತನ್ನಷ್ಟಕ್ಕೇ ಅಂದುಕೊಂಡಳು. ವ್ಯಾನಿನೊಳಗೆ ಹತ್ತಿ, ಬಾಗಿಲು ಎಳೆದು, ಚಿಲಕ ಹಾಕಿ, ಮಂಚದ ಮೇಲೆ ಕುಳಿತಳು. ಎರಡೂ ಪಾದ ನೆಲಕ್ಕೆ ಪೂರ್ತಿ ಊರಿದವು. 

ತಿಂಗಳು ಕಳೆಯಿತು. ಒಬ್ಬಿಬ್ಬರು ಗೊಣಗಿದರು. ಆದರೆ ದೂರು ಬರೆದು ಕೊಡಲು ಯಾರಿಗೂ ಕಾರಣ ಸಿಗಲಿಲ್ಲ. ಕಮಿಟಿ ಆ ವಿಷಯವನ್ನು ಮತ್ತೆ ಎತ್ತಲಿಲ್ಲ. ಹನುಮವ್ವ ಒಂದು ಭಾನುವಾರ ಬಂದಳು, ಬಿಗಿದುಕೊಂಡ ಮುಖದಲ್ಲೇ. ಮಧ್ಯಾಹ್ನ ಫ್ಯಾನಿನ ಕೆಳಗೆ ಒರಗಿದವಳು ಚಹಾದ ಹೊತ್ತು ದಾಟಿದರೂ ಏಳಲಿಲ್ಲ. ಎದ್ದ ಮೇಲೆ, "ಎಷ್ಟ ವರ್ಷಾತು ಅಕ್ಕಾ, ಹಿಂಗ ಯಾರೂ ಎಬ್ಬಸದ ಮಲಗಿ," ಎಂದಳು. ರಸ್ತೆಯ ಮಾತನ್ನು ಅವಳು ಆಮೇಲೆ ಆಡಲಿಲ್ಲ.

ಡಿಸೆಂಬರಿನಲ್ಲಿ ಸಿದ್ದಲಿಂಗಪ್ಪನವರು ಕೋಲು ಹಿಡಿದು ನಡೆಯತೊಡಗಿದರು. ನಿತ್ಯ ಸಂಜೆ ಕೋಣೆಯಿಂದ ಹಾಲ್, ಹಾಲ್‌ನಿಂದ ಲಿಫ್ಟ್. ಒಂದು ದಿನ ಲಿಫ್ಟಿನ ಮುಂದೆ ನಿಂತವರು ಒಳಗೇ ಹೋಗೋಣ ಎಂದು ಹಠ ಹಿಡಿದರು. "ನಿನ್ನ ಮನಿ... ನೋಡಬೇಕು." ವೈಶಾಲಿ ಬೇಡವೆಂದಳು. ರಾಚವ್ವ, "ಬರಲಿ ಬಿಡ್ರಿ," ಎಂದು ಅವರ ಬಲಕ್ಕೆ ನಿಂತಳು. ಗಿಡ್ಡ ಮೆಟ್ಟಿಲೆರಡನ್ನೂ ಅವರು ತಾವೇ ಹತ್ತಿದರು. ರಾಚವ್ವ ಕರೆಂಟಿನ ಕೆಟಲಿನಲ್ಲಿ ಚಹಾ ಮಾಡಿ, ಇದ್ದ ಎರಡು ಲೋಟಗಳಲ್ಲಿ ಚೆಂದದ್ದನ್ನು ಅವರಿಗೆ ಕೊಟ್ಟಳು. ಅವರು ಎಡಗೈಯಲ್ಲಿ ಲೋಟ ಹಿಡಿದು, ಪರದೆ, ಕಿಟಕಿ, ಗೋಡೆಯ ಮೇಲಿನ ಸಿದ್ಧೇಶ್ವರನ ಪಟ ಎಲ್ಲವನ್ನೂ ನಿಧಾನವಾಗಿ ನೋಡಿದರು.

"ಛಲೋ... ಐತಿ," ಎಂದರು. "ನಾ ಪಾವಣ್ಯಾ ಇಲ್ಲಿ... ಗೆಸ್ಟ್."

"ಹೂಂ ರೀ ಕಾಕಾರ. ನೀವ ನಮ್ಮ ಮನಿಗೆ ಪಾವಣ್ಯಾರು," ಎಂದು ರಾಚವ್ವ ನಕ್ಕಳು. ನಕ್ಕರೂ ಕಣ್ಣು ತುಂಬಿ, ಲೋಟ ತೊಳೆಯುವ ನೆಪದಲ್ಲಿ ತಿರುಗಿ ನಿಂತಳು.

ಏಪ್ರಿಲಿನ ಹೊತ್ತಿಗೆ ಅವರು ತಮ್ಮ ಕೆಲಸ ತಾವೇ ಮಾಡಿಕೊಳ್ಳುವಂತಾಗಿ ಅವಳ ಅಗತ್ಯ ತೀರಿತು. ಹೋಗುವ ದಿನವನ್ನು ಅವಳೇ ಗೊತ್ತುಮಾಡಿದಳು. ಆಗಲೇ ಎರಡು ಮನೆಯವರು ಅವಳ ಷರತ್ತಿಗೆ ಒಪ್ಪಿ ಕಾಯುತ್ತಿದ್ದರು. ಒಂದು ಮನೆಯವರಂತೂ ಪಾರ್ಕಿಂಗಿನ ಉದ್ದವನ್ನು ಮೊದಲೇ ಅಳೆದು ತಿಳಿಸಿದ್ದರು. ಅವಳೀಗ ಕಾಂದಿವಲಿಯಲ್ಲಿದ್ದಾಳೆ.

ಸುದ್ದಿ ಅವಳಂಥ ಕೆಲಸದ ಹೆಂಗಸರ ನಡುವೆ ಹರಿದಾಡಿದೆ. ಮೊದಲು ಫೋನ್ ಮಾಡಿದವಳು ಸೇವಂತಿ, ಕುಂದಾಪುರದ ಕಡೆಯವಳು, ನಲವತ್ತನಾಲ್ಕು ವರ್ಷ. ಅಂಥ ವ್ಯಾನು ಎಲ್ಲಿ ಸಿಗುತ್ತದೆ ಎಂದು ಕೇಳಿದಳು. ರಾಚವ್ವ, "ವ್ಯಾನ್ ಆಮ್ಯಾಲೆ. ಮೊದ್ಲ ಲರ್ನಿಂಗ್ ಲೈಸೆನ್ಸ್ ಮಾಡಿಸ್ಕೊಂಡು ಬಾ," ಎಂದಳು.

ಈಗ ಭಾನುವಾರ ಬೆಳಿಗ್ಗೆ ಬೊರಿವಲಿಯ ಗೊರಾಯಿ ಕಡೆಯ ಖಾಲಿ ರಸ್ತೆಯಲ್ಲಿ ಕೆಂಪು ಎಲ್ ಅಂಟಿಸಿದ ಆ ಬಿಳಿ ವ್ಯಾನು ಎಗರೆಗರಿ ಹೋಗುವುದು ಕಾಣುತ್ತದೆ. ಹೋದ ವಾರ ಅದು ನೂರು ಗಜದೊಳಗೆ ಏಳು ಸಲ ನಿಂತಿತು. ಏಳನೆಯ ಸಲ ಸೇವಂತಿ ಸ್ಟಿಯರಿಂಗಿನಿಂದ ಕೈತೆಗೆದು, "ನನ್ನಿಂದ ಆಗುದಿಲ್ಲ ಅಕ್ಕ, ಸುಮ್ಮನೆ ಗಾಡಿ ಹಾಳು," ಎಂದಳು.

ಎಡಗಡೆಯ ಸೀಟಿನಲ್ಲಿ ಕುಳಿತಿದ್ದ ರಾಚವ್ವ ಶೇಂಗಾ ಸುಲಿಯುತ್ತಿದ್ದಳು. ಎರಡು ಕಾಳು ಸೇವಂತಿಯ ಕೈಗೆ ಹಾಕಿದಳು.

"ಗಾಡಿ ಗಟ್ಟಿ ಐತಿ. ತಿನ್ನು. ತಿಂದು ಮತ್ತ ಚಾಲೂ ಮಾಡು. ಈ ಸಲ ಕ್ಲಚ್ ಮ್ಯಾಲಿನ ಕಾಲು ಹಗೂರಕ ಬಿಡು, ಮಲಗಿದವರನ್ನ ದಿಂಬಿಗೆ ಇಳಸ್ತೀವಲ್ಲ, ಹಂಗ."

ಸೇವಂತಿ ಕಾಳು ಬಾಯಿಗೆ ಹಾಕಿಕೊಂಡು ಕೀಲಿ ತಿರುಗಿಸಿದಳು. ವ್ಯಾನು ಒಮ್ಮೆ ನಡುಗಿ, ನಿಲ್ಲದೆ, ಮೆಲ್ಲಗೆ ಮುಂದೆ ಹೊರಟಿತು.